ಹಲ್ಲಕ್ಕ ಗಂಡನ ಆಯುಷ್ಯ ಹೆಚ್ಚಿಸಿದ್ದು

“ಊರವರ ಬಾಯಿಗೆಲ್ಲ ಸುಳ್ಳು ಹಲ್ಲು ಕೂರಿಸಿದ ಕೈ ಇದು! ಒಬ್ಬ ಗಂಡನ ಬಾಯಿಗೆ ಒಂದು ನಿಜವಾದ ಮಾತ್ರೆ ಕೂರಿಸೋಕೆ ಆಗಲ್ವಾ ನನಗೆ?”

ಹೀಗೆ ಗುಡುಗಿ ಹಲ್ಲಕ್ಕ ಮೇಜು ಗುದ್ದಿದ ರಭಸಕ್ಕೆ, ಅದರ ಮೇಲೆ ಒಣಗಲು ಇಟ್ಟಿದ್ದ ಪ್ಲಾಸ್ಟರಿನ ದವಡೆಗಳೆಲ್ಲ ಒಮ್ಮೆಲೇ ನೆಗೆದು ಕಟಕಟ ಎಂದವು. ಆ ಕೋಣೆಯಲ್ಲಿ ಅವಳನ್ನು ಬಿಟ್ಟರೆ ಬೇರೆ ನರಪಿಳ್ಳೆ ಇರಲಿಲ್ಲ. ಇಂಥ ಘೋರ ಪ್ರತಿಜ್ಞೆಗೆ ಸಾಕ್ಷಿ ಆ ದವಡೆಗಳು ಮಾತ್ರ. ಅವು ಎದುರಾಡುವ ಪೈಕಿ ಅಲ್ಲ. ಎದುರಾಡುವವರು ಒಳಗಿನ ಕೋಣೆಯಲ್ಲಿ ಪೇಪರ್ ಓದುತ್ತಿದ್ದರು.

ಹಲ್ಲಕ್ಕ ಹಲ್ಲಿನ ಡಾಕ್ಟರಲ್ಲ. ಡಾಕ್ಟರುಗಳು ಬೊಚ್ಚು ಬಾಯಿಗಳ ಅಚ್ಚು ತೆಗೆದು ಕಳಿಸುತ್ತಾರೆ. ಆ ಅಚ್ಚಿಗೆ ಪ್ಲಾಸ್ಟರ್ ಹೊಯ್ದು, ಮೇಣದಲ್ಲಿ ಹಲ್ಲು ಜೋಡಿಸಿ, ಗುಲಾಬಿ ಬಣ್ಣದ ವಸಡು ಕೂರಿಸಿ, ಉಜ್ಜಿ ಹೊಳಪು ಕೊಟ್ಟು ವಾಪಸ್ಸು ಕಳಿಸುವವಳು ಇವಳು. ಮನೆಯ ಮುಂದಿನ ಕೋಣೆಯೇ ಕಾರ್ಖಾನೆ. ಅವಳು ಮಾಡಿದ ಸೆಟ್ಟು ಹಾಕಿಕೊಂಡು ನಕ್ಕರೆ ಓರಗೆಯವರು ಹೊಟ್ಟೆ ಉರಿದುಕೊಳ್ಳಬೇಕು, ಅಂಥ ಕೆಲಸ! ಗುಟ್ಟೇನೆಂದರೆ, ಎಲ್ಲ ಹಲ್ಲನ್ನೂ ಮುತ್ತು ಪೋಣಿಸಿದ ಹಾಗೆ ಜೋಡಿಸಬಾರದು. ಹಾಗೆ ಜೋಡಿಸಿದರೆ ಎಂಥ ಪೆದ್ದನಿಗೂ ಗೊತ್ತಾಗುತ್ತದೆ. ಒಂದನ್ನು ಕೂದಲೆಳೆಯಷ್ಟು ಸೊಟ್ಟಗೆ ಕೂರಿಸಬೇಕು, ಇನ್ನೊಂದಕ್ಕೆ ಒಂದು ಚೂರು ಕಾಫಿ ಕಲೆ ಹಚ್ಚಬೇಕು. ಆಗ ನೋಡಿ, ಸುಳ್ಳಿಗೆ ಜೀವ ಬರುತ್ತದೆ.

ಗಂಡ ಲಿಫ್ಟ್ ಇನ್ಸ್‌ಪೆಕ್ಟರು. ದೊಡ್ಡ ಕಟ್ಟಡಗಳ ಲಿಫ್ಟುಗಳನ್ನು ಪರೀಕ್ಷಿಸಿ ‘ಬೀಳುವುದಿಲ್ಲ’ ಎಂದು ಮೊಹರು ಒತ್ತುವ ಅಧಿಕಾರಿ. ಹಾಗೆ ಒತ್ತಬೇಕಾದರೆ ಮೊದಲು ಅದು ಬಿದ್ದೇ ಬೀಳುತ್ತದೆ ಎಂದು ನಂಬಿ ಹೊರಡಬೇಕಂತೆ. ಈ ಅಭ್ಯಾಸ ಆಫೀಸಿನಲ್ಲೇ ಇದ್ದಿದ್ದರೆ ಚೆನ್ನಾಗಿತ್ತು. ಮನೆಯಲ್ಲೂ ಕುರ್ಚಿಯನ್ನು ಅಲ್ಲಾಡಿಸಿ ನೋಡದೆ ಕೂತವರಲ್ಲ ಮಹಾರಾಯರು. ಬಡಿಸಿದ್ದನ್ನು ಮೊದಲು ಮೂಸುತ್ತಾರೆ, ಆಮೇಲೆ ಹೆಂಡತಿಯ ಮುಖ ನೋಡುತ್ತಾರೆ, ಆಮೇಲೆ ಬಾಯಿಗಿಡುತ್ತಾರೆ.

ಇಂಥವರಿಗೆ ಸಕ್ಕರೆ ಕಾಯಿಲೆ ಬಂತು. ಡಾಕ್ಟರಮ್ಮ ದಿನಕ್ಕೊಂದು ಮಾತ್ರೆ ಬರೆದುಕೊಟ್ಟರು. ಬೇರೆ ಯಾರಾದರೂ ಆಗಿದ್ದರೆ ಮಾತ್ರೆ ನುಂಗಿ, ಡಬ್ಬಿಯಲ್ಲಿ ಮಡಚಿಟ್ಟಿದ್ದ ಕಾಗದವನ್ನು ಬುಟ್ಟಿಗೆ ಎಸೆಯುತ್ತಿದ್ದರು. ಇನ್ಸ್‌ಪೆಕ್ಟರು ಮಾತ್ರೆಯನ್ನು ಪಕ್ಕಕ್ಕಿಟ್ಟು ಕಾಗದ ಬಿಡಿಸಿ, ಭೂತಗನ್ನಡಿ ಹಿಡಿದು, ಇರುವೆಗಾತ್ರದ ಅಕ್ಷರಗಳನ್ನೆಲ್ಲ ಓದಿದರು. ಅದರಲ್ಲಿ ಏನೇನು ತೊಂದರೆಗಳನ್ನು ಅಚ್ಚು ಹಾಕಿದ್ದರೋ ಅವೆಲ್ಲ ಅದೇ ಕ್ರಮದಲ್ಲಿ, ಒಂದೂ ತಪ್ಪದಂತೆ, ಅವರಿಗೆ ಬಂದವು! ಹೊಟ್ಟೆ ತೊಳಸಿತು. ಬಾಯಿ ಕಬ್ಬಿಣ ನೆಕ್ಕಿದ ಹಾಗಾಯಿತು. ಊಟ ಸೇರಲಿಲ್ಲ. ‘ಅಪರೂಪಕ್ಕೆ’ ಎಂದು ಬರೆದದ್ದು ಕೂಡ ಇವರ ವಿಳಾಸ ಕೇಳಿಕೊಂಡು ಬಂತು. ‘ಗರ್ಭಿಣಿಯರು ವೈದ್ಯರನ್ನು ಕೇಳಿ’ ಎಂಬ ಸಾಲು ಓದಿದ ದಿನ ಹೊಟ್ಟೆಯನ್ನು ಮೆಲ್ಲಗೆ ಒತ್ತಿ ನೋಡಿಕೊಂಡರಂತೆ.

“ಇದೆಲ್ಲ ನಿಮ್ಮ ಮನಸ್ಸಿಂದ ಕಣ್ರೀ. ಮಾತ್ರೆಯಿಂದ ಅಲ್ಲ.”

“ಹೊಟ್ಟೆ ಯಾರದು?”

“ನಿಮ್ದು.”

“ನೋವು ಯಾರಿಗೆ?”

“ನಿಮಗೇ.”

“ಮತ್ತೆ ನಿನಗೆ ಹೇಗೆ ಗೊತ್ತು?”

ಒಂದು ದಿನ ಸೋಫಾದ ಮೆತ್ತೆ ಕೊಡವಿದಾಗ, ಅಡಿಯಿಂದ ಮಾತ್ರೆಗಳು ಉದುರಿದವು ನೋಡಿ! ನುಂಗಿದೆ ಎಂದು ನೀರು ಕುಡಿದು ಬಾಯಿ ಒರೆಸಿಕೊಂಡಿದ್ದ ಮಾತ್ರೆಗಳೆಲ್ಲ ಅಲ್ಲೇ ಬೆಚ್ಚಗೆ ಕೂತಿದ್ದವು. ಅವನ್ನು ಸೆರಗಿನಲ್ಲಿ ಕಟ್ಟಿಕೊಂಡು ಅವಳು ನೇರ ಡಾಕ್ಟರಮ್ಮನ ಮುಂದೆ ಸುರಿದಳು.

ಡಾಕ್ಟರಮ್ಮ ಬಯ್ಯಲಿಲ್ಲ. ಬಯ್ದಿದ್ದರೇ ಎಷ್ಟೋ ವಾಸಿ ಎನ್ನುವಂತೆ ಮೆತ್ತಗೆ ಹೇಳಿದರು. “ಹೀಗೇ ಬಿಟ್ರೆ ಮೊದಲು ಕಾಲು ಹೋಗುತ್ತಮ್ಮ. ಪಾದಕ್ಕೆ ಸ್ಪರ್ಶ ಹೋಗುತ್ತೆ, ಗಾಯ ಆದ್ರೆ ಗೊತ್ತಾಗಲ್ಲ, ಗೊತ್ತಾಗೋ ಹೊತ್ತಿಗೆ ಕೊಳೆತಿರುತ್ತೆ. ಆಮೇಲೆ ಕಣ್ಣು. ಆಮೇಲಿಂದು ನಿಮಗೆ ನಾನು ಹೇಳಲ್ಲ.”

ಮೂಸಿ ಮೂಸಿ ತಿನ್ನುವ, ಕುರ್ಚಿ ಅಲ್ಲಾಡಿಸುವ, ತಲೆಚಿಟ್ಟು ಹಿಡಿಸುವ ಗಂಡ ಹೌದು. ಆದರೂ ಅವರಿಲ್ಲದ ಮನೆಯನ್ನು ನೆನೆಸಿಕೊಳ್ಳಲು ಹಲ್ಲಕ್ಕನಿಂದ ಆಗಲಿಲ್ಲ. ಅವಳ ಮುಖ ನೋಡಿ ಡಾಕ್ಟರಮ್ಮನೇ ಮಾತು ತಿರುಗಿಸಿದರು. “ಇದೇ ಮಾತ್ರೆ ಆಯುಷ್ಯಾನೂ ಹೆಚ್ಚಿಸಬಹುದೇನೋ ಅಂತ ದೊಡ್ಡ ದೊಡ್ಡವರೆಲ್ಲ ಪರೀಕ್ಷೆ ಮಾಡ್ತಿದಾರೆ. ಇನ್ನೂ ಏನೂ ಖಾತ್ರಿಯಾಗಿಲ್ಲ. ಆದ್ರೂ ಅದನ್ನಾದ್ರೂ ಹೇಳಿ ನೋಡಿ.”

ಹಲ್ಲಕ್ಕ ಹೇಳಿ ನೋಡಿದಳು. ಇನ್ಸ್‌ಪೆಕ್ಟರು ಕನ್ನಡಕದ ಮೇಲಿಂದ ನೋಡಿದರು. “ಹಳೇ ಲಿಫ್ಟಿಗೆ ಹೊಸ ಬಣ್ಣ ಹೊಡೆದು ನನ್ನ ಹತ್ರ ತರಬೇಡ.” ಅಲ್ಲಿಗೆ ಮುಗಿಯಿತು. ಆದರೆ ಮಾರನೆಯ ದಿನದಿಂದ ಪೇಪರಿನಲ್ಲಿ ಆಯುಷ್ಯದ ಸುದ್ದಿ ಎಲ್ಲೇ ಬರಲಿ, ಅವರು ಕತ್ತರಿಸಿಟ್ಟುಕೊಳ್ಳತೊಡಗಿದರು. ಇಲಿಗಳು ಎಷ್ಟು ಹೆಚ್ಚು ಬದುಕಿದವು, ಹುಳುಗಳು ಎಷ್ಟು ಹೆಚ್ಚು ಬದುಕಿದವು! ಇಷ್ಟೊಂದು ಇಲಿ ಬದುಕಿ ಯಾರಿಗೇನು ಉಪಕಾರವೋ, ಇವರಂತೂ ಕಣ್ಣರಳಿಸಿ ಓದುತ್ತಿದ್ದರು. ಕಾಯಿಲೆಯ ಮಾತ್ರೆ ಬೇಡ, ಬದುಕುವ ಮಾತ್ರೆ ಬೇಕು ಮಹಾರಾಯರಿಗೆ! ಎರಡೂ ಒಂದೇ ಎಂದರೆ ನಂಬುವುದಿಲ್ಲ.

ಮೇಜು ಗುದ್ದಿದ್ದು ಆಗಲೇ.

ಹಲ್ಲಕ್ಕ ಔಷಧಿ ಅಂಗಡಿಯಿಂದ ಖಾಲಿ ಕ್ಯಾಪ್ಸೂಲಿನ ಸಿಪ್ಪೆಗಳನ್ನು ತಂದಳು. ಬಣ್ಣ ಬಂಗಾರದ್ದೇ ಬೇಕು ಎಂದು ಹಟ ಹಿಡಿದು ತಂದಳು. ಹೊಸ ಕಲ್ಲಿನ ಕುಟ್ಟಾಣಿಯಲ್ಲಿ ಮಾತ್ರೆಯನ್ನು ನುಣ್ಣಗೆ ಅರೆದು, ಹಲ್ಲಿಗೆ ಬಣ್ಣ ಬೆರೆಸುವ ಪುಟ್ಟ ಚಮಚದಿಂದ ಒಂದೊಂದಕ್ಕೆ ಒಂದೊಂದು ಮಾತ್ರೆಯ ಪುಡಿ ತುಂಬಿ ಮುಚ್ಚಿದಳು. ಒಂದು ಕಣವೂ ಚೆಲ್ಲಲಿಲ್ಲ. ಮಾಡಿ ಮುಗಿಸಿ ಬೆಳಕಿಗೆ ಹಿಡಿದರೆ ಫಳಫಳ! ಅವಳಿಗೇ ಒಂದು ನುಂಗೋಣ ಅನ್ನಿಸಿತು.

“ರೀ, ಹಲ್ಲಿನ ದೊಡ್ಡ ಡಾಕ್ಟರು ಒಂದು ವಿಷಯ ಹೇಳಿದ್ರು. ಯಾರಿಗೂ ಹೇಳ್ಬೇಡಿ ಮತ್ತೆ. ಆಯುಷ್ಯದ ಕ್ಯಾಪ್ಸೂಲ್ ಕಂಡುಹಿಡಿದಿದಾರಂತೆ. ನೂರಿಪ್ಪತ್ತು ವರ್ಷ ಗ್ಯಾರಂಟಿಯಂತೆ. ಇನ್ನೂ ಅಂಗಡಿಗೆ ಬಂದಿಲ್ಲ. ಪರೀಕ್ಷೆಗೆ ಆಯ್ದ ಕೆಲವರಿಗೆ ಮಾತ್ರ ಕೊಡ್ತಾರೆ.”

“ಅಡ್ಡ ಪರಿಣಾಮ?” ಕಿವಿ ನೆಟ್ಟಗಾಗಿದ್ದರೂ ಕೇಳಿದ್ದು ಅದೇ ಪ್ರಶ್ನೆ.

ಇಲ್ಲವೇ ಇಲ್ಲ ಎಂದಿದ್ದರೆ ಅವಳು ಹಲ್ಲಕ್ಕ ಹೇಗಾಗುತ್ತಿದ್ದಳು? ಮುಖ ಸಣ್ಣದು ಮಾಡಿಕೊಂಡಳು. “ಒಂದಿದೆಯಂತೆ ಕಣ್ರೀ. ಕಿವಿ ಮೇಲೆ ಕೂದಲು ಜಾಸ್ತಿ ಬೆಳೆಯುತ್ತಂತೆ.”

ಇನ್ಸ್‌ಪೆಕ್ಟರು ತಮ್ಮ ಕಿವಿ ಸವರಿಕೊಂಡರು. ಗಂಭೀರವಾಗಿ ಲೆಕ್ಕ ಹಾಕಿದರು. “ಅಷ್ಟೇ ತಾನೆ? ಕತ್ತರಿಸಿಕೊಂಡ್ರಾಯ್ತು” ಎಂದು ಬಾಯಿ ತೆರೆದರು. ಬಂಗಾರ ಒಳಗೆ ಹೋಯಿತು. ಸುಳ್ಳು ಕೂತಿತು!

ಮುಂದಿನದನ್ನು ನೀವು ನಂಬುವುದಿಲ್ಲ. ಅದೇ ಔಷಧಿ, ಅದೇ ಪ್ರಮಾಣ, ಅದೇ ಹೊಟ್ಟೆ. ತೊಳಸಲೂ ಇಲ್ಲ, ಕಬ್ಬಿಣದ ರುಚಿಯೂ ಇಲ್ಲ! ಮೊದಲು ಮಾತ್ರೆ ನುಂಗಿ ಅರ್ಧ ದಿನ ಮಲಗುತ್ತಿದ್ದವರು ಈಗ ಮೆಟ್ಟಿಲನ್ನು ಎರಡೆರಡಾಗಿ ಹತ್ತಿದರು. ಲಿಫ್ಟ್ ಇನ್ಸ್‌ಪೆಕ್ಟರು ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತಿದ್ದು ನೋಡಿ ಆಫೀಸಿನವರು ಯಾವ ಲಿಫ್ಟಿಗೆ ಏನಾಗಿದೆಯೋ ಎಂದು ಗಾಬರಿಯಾದರಂತೆ. ದಿನಾ ಕನ್ನಡಿಯ ಮುಂದೆ ನಿಂತು ಪುಟ್ಟ ಕತ್ತರಿಯಿಂದ ಕಿವಿಯ ಕೂದಲು ಬೇರೆ ಕತ್ತರಿಸಿಕೊಳ್ಳುವುದು! “ನಿನ್ನೆಗಿಂತ ಇವತ್ತು ಜಾಸ್ತಿ” ಎಂದು ಹೆಮ್ಮೆ. ಹಲ್ಲಕ್ಕ ಅಡುಗೆಮನೆಗೆ ಓಡಿಹೋಗಿ ಬಾಯಿಗೆ ಬಟ್ಟೆ ತುರುಕಿಕೊಂಡು ನಗುತ್ತಿದ್ದಳು.

ರಕ್ತ ಪರೀಕ್ಷೆಯಲ್ಲಿ ಸಕ್ಕರೆ ಇಳಿದಿತ್ತು. ಡಾಕ್ಟರಮ್ಮ ಬೆನ್ನು ತಟ್ಟಿದರು. ಹಲ್ಲಕ್ಕ ಗುಟ್ಟು ಬಿಟ್ಟುಕೊಡಲಿಲ್ಲ. ಕಲಾವಿದೆ ತನ್ನ ಕೈಚಳಕ ಹೇಳಿಕೊಂಡು ತಿರುಗುತ್ತಾಳೆಯೇ! ಇನ್ಸ್‌ಪೆಕ್ಟರಂತೂ, “ನೋಡಿದ್ಯಾ? ಆ ದರಿದ್ರ ಮಾತ್ರೆ ಬಿಟ್ಟೆ, ಕಾಯಿಲೆ ತಾನಾಗೇ ಇಳೀತು!” ಎಂದು ಮೀಸೆ ತಿರುವಿದರು.

ಕಥೆ ಇಲ್ಲಿಗೇ ನಿಂತಿದ್ದರೆ ಹಲ್ಲಕ್ಕನ ಫೋಟೋಗೆ ಕಟ್ಟು ಹಾಕಿಸಬಹುದಿತ್ತು.

ಒಂದು ಸಂಜೆ ಊಟದ ಮೇಜಿನಲ್ಲಿ ಇನ್ಸ್‌ಪೆಕ್ಟರು ತಟ್ಟೆ ನೋಡುತ್ತಾ ಕೇಳಿದರು. “ನಿನಗೂ ಒಂದು ಡಬ್ಬಿ ತರಿಸ್ಕೋಬಾರ್ದಾ?”

“ನನಗ್ಯಾಕೆ?”

“ಆಯುಷ್ಯ.”

ಹಲ್ಲಕ್ಕನಿಗೆ ಒಳಗೊಳಗೇ ನಗು. ಇಲ್ಲದ ಕಾಯಿಲೆಗೆ ಮಾತ್ರೆ ತಿನ್ನಲು ಅವಳಿಗೇನು ಹುಚ್ಚೇ? “ಅಯ್ಯೋ, ನಿಮ್ಮ ಜೊತೆ ನೂರಿಪ್ಪತ್ತು ವರ್ಷಾನಾ? ಇರೋ ಆಯುಷ್ಯಾನೇ ಹೇಗೆ ತಳ್ಳೋದು ಅಂತಿದೀನಿ!” ಎಂದು ಬಿಟ್ಟಳು. ಇನ್ಸ್‌ಪೆಕ್ಟರು ನಗಲಿಲ್ಲ. ಅನ್ನ ಕಲಸುತ್ತಲೇ ಇದ್ದರು. ಅವಳು ಅದನ್ನು ಗಮನಿಸಲಿಲ್ಲ, ಪಾತ್ರೆ ಎತ್ತಿಕೊಂಡು ಎದ್ದುಹೋದಳು.

ಅದಾದ ಕೆಲವೇ ದಿನಕ್ಕೆ ಮನೆಯಲ್ಲಿ ಒಂದು ಪವಾಡ ನಡೆಯಿತು. ಜನ್ಮದಲ್ಲಿ ಒಲೆ ಹಚ್ಚದ ಮನುಷ್ಯ ಬೆಳಿಗ್ಗೆ ಎದ್ದು ಹೆಂಡತಿಗೆ ಕಾಫಿ ಮಾಡಿ ತಂದುಕೊಟ್ಟರು! ಹಲ್ಲಕ್ಕ ಕಣ್ಣುಜ್ಜಿಕೊಂಡು ನೋಡಿದಳು. ಗಂಡನೇ. ಅವಳಿಗೆ ಮೊದಲಿಂದಲೂ ಕಾಫಿ ಕಡುಗಪ್ಪಗೆ, ಸಕ್ಕರೆ ಇಲ್ಲದೆ ಇರಬೇಕು. ಇದು ಅದಕ್ಕಿಂತಲೂ ಕಹಿ.

“ಕಹಿ ಇದೆಯಲ್ರೀ?”

“ಚೆನ್ನಾಗಿಲ್ವಾ?” ಎಂದರು, ಪಾಪ, ಮುಖ ಹುಳ್ಳಗೆ ಮಾಡಿಕೊಂಡು.

“ಚೆನ್ನಾಗಿದೆ, ಚೆನ್ನಾಗಿದೆ!” ಎಂದು ಹಲ್ಲಕ್ಕ ಬುಡದ ಚರಟದವರೆಗೆ ಕುಡಿದಳು. ಗಂಡ ಮುಂದೆ ನಿಂತು ಲೋಟ ಖಾಲಿಯಾಗುವುದನ್ನೇ ನೋಡಿದರು. ಆಮೇಲೆ ಅವಳೆದುರೇ ಬಂಗಾರದ ಕ್ಯಾಪ್ಸೂಲನ್ನು ಬಾಯಿಗೆ ಹಾಕಿಕೊಂಡು, ನೀರು ಕುಡಿದು, ನಾಲಿಗೆ ಎತ್ತಿ ತೋರಿಸಿದರು. ದವಡೆ ನೋಡುವುದೇ ಕಸುಬಾದವಳು ಎಡ ಬಲ ಎರಡೂ ಕೆನ್ನೆಯ ಸಂದಿ ಪರೀಕ್ಷಿಸಿದಳು. ನುಂಗಿದ್ದರು. ಸಂಶಯವೇ ಇಲ್ಲ. ಅಂದಿನಿಂದ ಇದೇ ಮನೆಯ ವಾಡಿಕೆಯಾಯಿತು. ಮೊದಲು ಅವಳ ಕಾಫಿ, ಆಮೇಲೆ ಇವರ ಕ್ಯಾಪ್ಸೂಲು. ಆಯುಷ್ಯ ಹೆಚ್ಚಾದರೆ ಗಂಡಸರಿಗೆ ಪ್ರೀತಿಯೂ ಹೆಚ್ಚಾಗುತ್ತದೆ, ಇದನ್ನು ಯಾವ ವಿಜ್ಞಾನಿಯೂ ಬರೆದಿಲ್ಲವಲ್ಲ ಎಂದು ಹಲ್ಲಕ್ಕ ಬೀಗಿದಳು.

ಬೀಗುತ್ತಿದ್ದಂತೆಯೇ ಅವಳ ಹೊಟ್ಟೆ ಕೆಟ್ಟಿತು.

ಮೊದಲು ಏನೋ ತಿಂದದ್ದು ಹೆಚ್ಚುಕಮ್ಮಿ ಎಂದುಕೊಂಡಳು. ಆದರೆ ವಾರ ಕಳೆದು ತಿಂಗಳಾದರೂ ನಿಲ್ಲಲಿಲ್ಲ. ಮೇಣ ಕರಗಿಸುತ್ತಾ ಕೂತಿದ್ದವಳು ದವಡೆ ಬಿಟ್ಟು ಬಚ್ಚಲಿಗೆ ಓಡಬೇಕಾಯಿತು. ಊಟದ ವಾಸನೆಗೇ ವಾಕರಿಕೆ. ಬಾಯಲ್ಲಿ ಸದಾ ತುಕ್ಕಿನ ರುಚಿ. ರವಿಕೆ ಸಡಿಲವಾಯಿತು, ಕೈಬಳೆ ಮೊಣಕೈವರೆಗೆ ಜಾರತೊಡಗಿತು. ಅವಳ ದೊಡ್ಡಮ್ಮ ಹೊಟ್ಟೆಯ ಕ್ಯಾನ್ಸರಿನಲ್ಲಿ ಹೀಗೇ ಕರಗಿ ಕರಗಿ ಹೋದವರು. ಹಲ್ಲಕ್ಕ ಕನ್ನಡಿಯಲ್ಲಿ ತನ್ನ ಕೆನ್ನೆಯ ಮೂಳೆ ನೋಡಿಕೊಂಡಳು. ತೀರ್ಮಾನ ಆಗಿಹೋಯಿತು. ಬಂತು, ತನಗೂ ಬಂತು!

ಅವಳಿಗೆ ಭಯವಾಯಿತು. ಸಾಯುವ ಭಯ ಒಂದು ಕಡೆ. ಅದಕ್ಕಿಂತ ಹೆಚ್ಚು ಹೊಟ್ಟೆಗೆ ಬೆಂಕಿ ಬಿದ್ದದ್ದು ಇನ್ನೊಂದು ಯೋಚನೆಯಿಂದ. ಕೈಯಾರೆ ಈ ಮನುಷ್ಯನನ್ನು ಗಟ್ಟಿ ಮಾಡಿ, ಮೆಟ್ಟಿಲು ಹತ್ತಿಸಿ, ಇನ್ನಷ್ಟು ವರ್ಷ ಬದುಕುವ ಹಾಗೆ ಮಾಡಿದವಳು ತಾನೇ. ಈಗ ತಾನು ಎದ್ದುಹೋದರೆ? ಮೊಟ್ಟೆ ಬೇಯಿಸಲು ಬಾರದವರು, ಅಂಗಿಯ ಗುಂಡಿ ಹೊಲಿಯಲು ಬಾರದವರು! ಮೂಸಿ ನೋಡುತ್ತಾರೆ ಸರಿ, ಮೂಸಲು ಬಡಿಸುವವರು ಯಾರು? ದವಡೆಗಳ ನಡುವೆ ಕೂತು ಹಲ್ಲಕ್ಕ ಬಿಕ್ಕಿ ಬಿಕ್ಕಿ ಅತ್ತಳು.

ಡಾಕ್ಟರಮ್ಮನ ಹತ್ತಿರ ಹೋಗಲಿಲ್ಲ. ಹೋದರೆ ಗಂಡನಿಗೆ ಗೊತ್ತಾಗುತ್ತದೆ, ಗೊತ್ತಾದರೆ ಮನುಷ್ಯ ಕುಸಿಯುತ್ತಾನೆ, ಕುಸಿದರೆ ಸಕ್ಕರೆ ಏರುತ್ತದೆ. ಬಾಯಿಗೆ ಬೀಗ ಹಾಕಿಕೊಂಡು, ಇರುವಷ್ಟು ದಿನದಲ್ಲಿ ಗಂಡನನ್ನು ತಯಾರು ಮಾಡಲು ನಿಂತಳು.

“ಇಲ್ಲಿ ಬನ್ನಿ. ಬೇಳೆ ಬೇಯಿಸೋದು ಕಲೀರಿ.”

“ಈಗ್ಯಾಕೆ?”

“ನೂರಿಪ್ಪತ್ತು ವರ್ಷ ಬದುಕೋರು ಒಂದಿಷ್ಟು ಕೆಲಸ ಕಲೀಬೇಕು!”

ಇನ್ಸ್‌ಪೆಕ್ಟರು ಈರುಳ್ಳಿ ಹೆಚ್ಚಿದರು, ಗುಂಡಿ ಹೊಲಿದರು, ಬಟ್ಟೆ ಒಗೆದರು. ನಡುನಡುವೆ ಹೆಂಡತಿಯನ್ನು ತಲೆಯಿಂದ ಕಾಲಿನವರೆಗೆ ನೋಡಿ ಮುಸಿಮುಸಿ ನಗುತ್ತಿದ್ದರು. “ಈಚೆಗೆ ಎಷ್ಟು ತೆಳ್ಳಗಾಗಿದೀಯಾ! ಮದುವೆ ಟೈಮಲ್ಲಿ ಇದ್ದ ಹಾಗೇ ಕಾಣ್ತೀಯ.” ಹಲ್ಲಕ್ಕ ಮುಖ ಆ ಕಡೆ ತಿರುಗಿಸಿಕೊಂಡು ಈರುಳ್ಳಿಯ ನೆಪದಲ್ಲಿ ಕಣ್ಣೀರು ಒರೆಸಿಕೊಳ್ಳುತ್ತಿದ್ದಳು. ಸಾಯುತ್ತಿರುವವಳಿಗೆ ಚೆಲುವೆ ಎನ್ನುತ್ತಾರಲ್ಲ, ಈ ಪೆದ್ದು ಮನುಷ್ಯ!

ಪೆದ್ದು ಮನುಷ್ಯನಿಗೆ ಉತ್ಸಾಹ ಹೆಚ್ಚಾಗಿ ಓಟದ ಬೂಟು ಕೊಂಡರು. ಬೆಳಗಾದರೆ ಉದ್ಯಾನದ ಸುತ್ತ ಓಟ. ಹೊಸ ಬೂಟು ಕಚ್ಚಿತು. ಕಚ್ಚಿದ್ದು ಅವರಿಗೆ ಗೊತ್ತಾಗಲೇ ಇಲ್ಲ. ದಿನಾ ಊರವರ ದವಡೆಯ ಅಚ್ಚಿನೊಳಗೆ ಇಣುಕುವ ಹಲ್ಲಕ್ಕ ಗಂಡನ ಪಾದದ ಕಡೆ ಒಮ್ಮೆಯೂ ಬಗ್ಗಿ ನೋಡಲಿಲ್ಲ. ಸಕ್ಕರೆ ಇಳಿದಿದೆಯಲ್ಲ, ಕ್ಯಾಪ್ಸೂಲು ದಿನಾ ಕಣ್ಣೆದುರೇ ಒಳಗೆ ಹೋಗುತ್ತಿದೆಯಲ್ಲ, ಇನ್ನೇನು ನೋಡುವುದು?

ಒಂದು ಬೆಳಿಗ್ಗೆ ಬಟ್ಟೆ ನೆನೆಸಲು ಹೋದಾಗ ಕಾಲುಚೀಲದಿಂದ ಕೆಟ್ಟ ವಾಸನೆ ಬಂತು. ತುದಿ ರಟ್ಟಿನ ಹಾಗೆ ಗಟ್ಟಿಯಾಗಿತ್ತು. ಅವಳು ಓಡಿಬಂದು ಗಂಡನ ಪಾದ ಎತ್ತಿ ನೋಡಿದಳು. ಹೆಬ್ಬೆರಳು ಕಪ್ಪಾಗಿತ್ತು. ಪಕ್ಕದ ಬೆರಳು ಕಪ್ಪಾಗುತ್ತಿತ್ತು.

“ನೋಯ್ತಿಲ್ವೇನ್ರೀ?”

“ಚೂರೂ ಇಲ್ಲ! ನನಗೇನಾಗಿದೆ? ಕುದುರೆ ಥರ ಇದೀನಿ” ಎಂದರು ಇನ್ಸ್‌ಪೆಕ್ಟರು. ನಿಜವಾಗಿಯೂ ಹಾಗೇ ಅನ್ನಿಸುತ್ತಿತ್ತು ಅವರಿಗೆ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ರಕ್ತದ ವರದಿ ನೋಡಿ, ಹಲ್ಲಕ್ಕನನ್ನು ನೋಡಿ, ಮತ್ತೆ ವರದಿ ನೋಡಿದರು. “ಮಾತ್ರೆ ತಗೊಳ್ತಿದಾರಾ?”

“ದಿನಾ! ನನ್ನ ಕಣ್ಣೆದುರೇ!”

“ಸಾಧ್ಯ ಇಲ್ಲ. ತಗೊಳ್ತಿದ್ರೆ ಇಷ್ಟು ಏರೋಕೆ ಸಾಧ್ಯಾನೇ ಇಲ್ಲ.”

ಮಾತು ಬೆಳೆಸಲು ಸಮಯ ಇರಲಿಲ್ಲ. ಆ ಮಧ್ಯಾಹ್ನವೇ ಎರಡು ಬೆರಳು ತೆಗೆದರು. ಶಸ್ತ್ರಕ್ರಿಯೆ ಮಾಡಿದ ಡಾಕ್ಟರು ಹೊರಗೆ ಬಂದು, ಸಕ್ಕರೆ ಹಿಡಿತಕ್ಕೆ ಬಂದರೆ ಉಳಿದ ಪಾದ ನಿಲ್ಲುತ್ತದೆ, ಬಾರದಿದ್ದರೆ ಮುಂದಿನ ಸಲ ಮೊಣಕಾಲಿನ ಕೆಳಗೆ ಎಂದು ತಮ್ಮ ಕಾಲಿನ ಮೇಲೇ ಗೆರೆ ಎಳೆದು ತೋರಿಸಿ ಹೋದರು. ಹಲ್ಲಕ್ಕ ಕಾರಿಡಾರಿನ ಬೆಂಚಿನ ಮೇಲೆ ಕೂತಳು. ಅವಳ ಲೆಕ್ಕದಲ್ಲಿ ತಪ್ಪು ಯಾರದೆಂದು ಸ್ಪಷ್ಟವಾಗಿತ್ತು. ಅರೆದದ್ದು ಅವಳು. ಅರೆದದ್ದಕ್ಕೇ ಔಷಧಿಯ ಸತ್ವ ಹೋಗಿದೆ. ಡಾಕ್ಟರನ್ನು ಕೇಳದೆ ಕುಟ್ಟಾಣಿ ಹಿಡಿದ ಈ ಕೈ, ಮೇಜು ಗುದ್ದಿ ಕೊಚ್ಚಿಕೊಂಡ ಈ ಕೈ ಗಂಡನ ಬೆರಳು ಕತ್ತರಿಸಿತು.

ಇನ್ಸ್‌ಪೆಕ್ಟರಿಗೆ ಪೂರ್ತಿ ಎಚ್ಚರವಾದ ಮೇಲೆ ಅವಳು ಮಂಚದ ಪಕ್ಕ ಕೂತು ಹೇಳಿಬಿಟ್ಟಳು. “ರೀ, ಆ ಬಂಗಾರದ ಕ್ಯಾಪ್ಸೂಲಿನಲ್ಲಿ ಇದ್ದದ್ದು ಸಕ್ಕರೆ ಕಾಯಿಲೆ ಮಾತ್ರೆ. ಅದೇ ಹಳೇದು. ನಾನೇ ಪುಡಿ ಮಾಡಿ ತುಂಬಿದ್ದು. ಪುಡಿ ಮಾಡಿ ಕೆಡಿಸಿಬಿಟ್ಟೆ ಕಣ್ರೀ. ನಿಮ್ಮ ಬೆರಳು ತೆಗೆಸಿದವಳು ನಾನು.”

ಬಯ್ಯುತ್ತಾರೆ ಎಂದು ಕಾದಳು. ಅವರು ತಲೆಯನ್ನು ಅವಳ ಕಡೆ ತಿರುಗಿಸಿ ಕೇಳಿದರು.

“ಎಲ್ಲಾ ಕ್ಯಾಪ್ಸೂಲೂನಾ?”

“ಪ್ರತಿಯೊಂದೂ.”

“ಅಯ್ಯಯ್ಯೋ! ನಿನಗೇನೂ ಆಗಿಲ್ಲ ತಾನೆ?”

“ನನಗ್ಯಾಕೆ ಆಗುತ್ತೆ?”

“ನಾನು ನುಂಗಿದ್ದು ಬರೀ ಸಿಪ್ಪೆ ಕಣೇ. ಬೆಳಿಗ್ಗೆ ಬಿಚ್ಚಿ, ಪುಡೀನ ನಿನ್ನ ಕಾಫಿಗೆ ಹಾಕಿ, ಸಿಪ್ಪೆ ಮುಚ್ಚಿ ನಿನ್ನೆದುರು ನುಂಗ್ತಿದ್ದೆ.”

ಹಲ್ಲಕ್ಕನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾಗುತ್ತಾ ಹೋದ ಹಾಗೆ ಹೊಟ್ಟೆ, ತುಕ್ಕಿನ ರುಚಿ, ಜಾರುವ ಬಳೆ, ಕಹಿ ಕಾಫಿ, ಒಂದೊಂದೇ ಅವಳ ಮುಂದೆ ಬಂದು ನಿಂತವು. ಹಾಗಾದರೆ ಕ್ಯಾನ್ಸರ್ ಇಲ್ಲ! ತಾನು ಸಾಯುತ್ತಿಲ್ಲ! ಎದೆ ಹಗುರಾಗಿ ಒಂದು ಕ್ಷಣ ಅವಳಿಗೆ ಎದ್ದು ಕುಣಿಯಬೇಕು ಎನ್ನಿಸಿತು. ಮರುಕ್ಷಣ ಬ್ಯಾಂಡೇಜು ಕಣ್ಣಿಗೆ ಬಿತ್ತು. ಆ ಬ್ಯಾಂಡೇಜಿನ ಮುಂದೆ ಕೂತು ಖುಷಿಪಟ್ಟೆನಲ್ಲ ಎಂದು ನಾಚಿಕೆಯಾಗಿ ತಲೆ ಎತ್ತಲಾಗಲಿಲ್ಲ.

“ನನಗೆ ಕ್ಯಾನ್ಸರ್ ಬಂದಿದೆ ಅನ್ಕೊಂಡಿದ್ದೆ ಕಣ್ರೀ!”

“ನಾನು ನಿನಗೆ ಪ್ರಾಯ ಬರ್ತಿದೆ ಅನ್ಕೊಂಡಿದ್ದೆ!”

“ಯಾಕ್ರೀ ಹೀಗೆ ಮಾಡಿದ್ರಿ? ನಿಮ್ಮ ಮದ್ದು ನನಗ್ಯಾಕ್ರೀ ಹಾಕಿದ್ರಿ?”

ಇನ್ಸ್‌ಪೆಕ್ಟರಿಗೆ ಸಿಟ್ಟು ಬಂತು. ಮಲಗಿದಲ್ಲೇ ಮೊಣಕೈ ಊರಿ ಏಳಲು ನೋಡಿದರು. “ಮತ್ತೇನು ಮಾಡ್ಲಿ? ಕೇಳಿದ್ರೆ ಬೇಡ ಅಂದೆ. ನಗ್ತಾ ಅಂದೆ. ನನಗಂತೂ ಅಷ್ಟರಲ್ಲೇ ಬೇಕಾದಷ್ಟು ಆಯುಷ್ಯ ಮೈಗೆ ಸೇರಿತ್ತು. ನೀನು ನಿನ್ನ ಟೈಮಿಗೆ ಹೋಗ್ಬಿಡ್ತೀಯಾ. ಆಮೇಲೆ ಅಷ್ಟು ವರ್ಷ ಒಬ್ನೇ ಆ ಮನೇಲಿ ಏನು ಮಾಡ್ಲಿ ನಾನು? ಆ ದವಡೆಗಳ ಜೊತೆ ಮಾತಾಡ್ಲಾ?”

ಹಲ್ಲಕ್ಕ ಅವರ ಕೈ ಹಿಡಿದುಕೊಂಡು ಜೋರಾಗಿ ಅತ್ತಳು, ವಾರ್ಡಿನವರೆಲ್ಲ ತಿರುಗಿ ನೋಡುವ ಹಾಗೆ.

ವಿಷಯ ಕೇಳಿ ಡಾಕ್ಟರಮ್ಮ ಈ ಸಲ ಬಯ್ದರು. ಚೆನ್ನಾಗಿಯೇ ಬಯ್ದರು. ಕೇಳದೆ ಮಾತ್ರೆ ಅರೆದದ್ದಕ್ಕೆ ಇವಳಿಗೆ, ಹೇಳದೆ ಕಾಫಿಗೆ ಸುರಿದದ್ದಕ್ಕೆ ಅವರಿಗೆ. ಹಲ್ಲಕ್ಕ ಮೆಲ್ಲಗೆ ಕೇಳಿದಳು. “ಸಿಪ್ಪೆ ನುಂಗಿ ಓಡ್ತಿದ್ರಲ್ಲ ಡಾಕ್ಟ್ರೇ, ಅದು ಹೇಗೆ?”

“ನಂಬಿದ್ರೆ ಹೊಟ್ಟೆನೋವು ಬರುತ್ತೆ, ನಂಬಿದ್ರೆ ಹೋಗುತ್ತೆ, ಉತ್ಸಾಹಾನೂ ಬರುತ್ತಮ್ಮ. ಆದ್ರೆ ನಿಮ್ಮ ಕಥೆ ಕೇಳ್ಕೊಂಡು ರಕ್ತದಲ್ಲಿರೋ ಸಕ್ಕರೆ ಇಳಿಯಲ್ಲ. ಹಾಗಂತ ತೊಂದ್ರೆ ಎಲ್ಲಾನೂ ಮನಸ್ಸಿಂದು ಅಂತಾನೂ ಅಲ್ಲ. ನಿಮಗೇನು ನಂಬಿಕೆ ಇತ್ತು ಹೇಳಿ? ಆದ್ರೂ ಹೊಟ್ಟೆ ಕೆಡ್ತಲ್ಲ.”

ಹಲ್ಲಕ್ಕ ನೆಲ ನೋಡಿದಳು. ಮನಸ್ಸಿಂದ, ಮನಸ್ಸಿಂದ ಎಂದು ಎಷ್ಟು ಸಲ ಆ ಮನುಷ್ಯನ ಬಾಯಿ ಮುಚ್ಚಿಸಿದ್ದಳು!

ಡಾಕ್ಟರಮ್ಮ ಚುಚ್ಚುಮದ್ದಿನ ಜೊತೆಗೆ ಹಳೆಯ ಮಾತ್ರೆಯನ್ನೂ ಬರೆದರು. ಮಾರನೆಯ ಬೆಳಿಗ್ಗೆ ನರ್ಸಮ್ಮ ಮಾತ್ರೆಯನ್ನು ಪುಟ್ಟ ಬಟ್ಟಲಲ್ಲಿ ಇಟ್ಟು, “ನುಂಗಿಸಿಬಿಡಿ” ಎಂದು ಮುಂದಿನ ಮಂಚಕ್ಕೆ ಹೋದರು. ಬಂಗಾರವಿಲ್ಲ, ಹೊಳಪಿಲ್ಲ. ಸಾದಾ ಬಿಳಿ ಮಾತ್ರೆ. ಇನ್ಸ್‌ಪೆಕ್ಟರು ಅದನ್ನು ಅಂಗೈಯಲ್ಲಿ ಹೊರಳಿಸಿ ನೋಡಿದರು.

“ಇದೇನಿದು?”

“ಸಕ್ಕರೆ ಕಾಯಿಲೆ ಮಾತ್ರೆ.”

“ನಿಜ ಹೇಳು.”

“ನಿಮ್ಮಾಣೆ.”

“ಆಯುಷ್ಯ ಹೆಚ್ಚಾಗುತ್ತಾ ಇದರಿಂದ?”

ಹೌದು ಎನ್ನುವ ಒಂದು ಮಾತು ಹಲ್ಲಕ್ಕನ ನಾಲಿಗೆಯ ತುದಿಯಲ್ಲೇ ಸಿದ್ಧವಾಗಿತ್ತು. ಅಂದುಬಿಟ್ಟಿದ್ದರೆ ಸುಲಭವಾಗಿ ಮುಗಿಯುತ್ತಿತ್ತು. ಆದರೆ ಅವಳು ಆ ಬ್ಯಾಂಡೇಜಿನ ಮುಂದೆ ಇನ್ನೊಂದು ಸುಳ್ಳು ಹೇಳಲಾರದೆ ಹೋದಳು. “ಗೊತ್ತಿಲ್ಲ ಕಣ್ರೀ. ಓದಿದವರಿಗೇ ಇನ್ನೂ ಗೊತ್ತಾಗಿಲ್ವಂತೆ. ಆಗಬಹುದು, ಆಗದೇನೂ ಇರಬಹುದು. ಕಾಲು ಉಳಿಯುತ್ತೆ, ಅಷ್ಟು ಮಾತ್ರ ನಿಜ. ನುಂಗಿ.”

ಇನ್ಸ್‌ಪೆಕ್ಟರು ಯೋಚಿಸಿದರು. ಆಮೇಲೆ ಮಾತ್ರೆಯನ್ನು ಎರಡು ಹೆಬ್ಬೆರಳುಗಳ ನಡುವೆ ಹಿಡಿದು ಒತ್ತಿದರು. ಟಕ್ಕೆಂದು ಎರಡಾಯಿತು. ಒಂದು ತುಂಡನ್ನು ಹೆಂಡತಿಯ ಕಡೆ ಚಾಚಿದರು.

“ಆಗಬಹುದು ಅಂದ್ಯಲ್ಲ. ಹಿಡಿ.”

“ಕಾಲು ಹೋಗುತ್ತೆ ಅಂತಿದಾರೆ, ನೀವಿನ್ನೂ ಪಾಲು ಮಾಡ್ತಾ ಕೂತಿದೀರಲ್ರೀ! ನಿಮ್ಮ ದಮ್ಮಯ್ಯ, ಪೂರ್ತಿ ನುಂಗಿ.”

“ನೀನು ಮೊದಲು.”

ಹಲ್ಲಕ್ಕ ಬೇಡಿಕೊಂಡಳು, ಗದರಿದಳು, ಕೈ ಮುಗಿದಳು. ಇನ್ಸ್‌ಪೆಕ್ಟರು ಹಲ್ಲು ಕಚ್ಚಿ ಹಿಡಿದು ಕೂತರು. ಎಷ್ಟೋ ದವಡೆಗಳನ್ನು ತಯಾರಿಸಿದವಳು, ಈ ಒಂದು ದವಡೆಯ ಮುಂದೆ ಸೋತಳು. ಆ ಚಾಚಿದ ಕೈ ಇಳಿಯುವಂತೆ ಕಾಣಲಿಲ್ಲ. ಕೊನೆಗೆ ಅವಳು ಅರ್ಧ ತುಂಡನ್ನು ತೆಗೆದುಕೊಂಡು ಬಾಯಿಗೆ ಹಾಕಿ ನೀರು ಕುಡಿದಳು. ಅವಳ ಗಂಟಲನ್ನೇ ನೋಡುತ್ತಿದ್ದ ಇನ್ಸ್‌ಪೆಕ್ಟರು, ನುಂಗಿದ್ದು ಖಾತ್ರಿಯಾದ ಮೇಲೆ, ತಮ್ಮ ಅರ್ಧವನ್ನು ನುಂಗಿದರು.

ಆಗಲೇ ಹೊಟ್ಟೆ ಸಣ್ಣಗೆ ತೊಳಸುತ್ತಿತ್ತು. ಹಲ್ಲಕ್ಕ ಅದನ್ನು ಒತ್ತಿ ಹಿಡಿದುಕೊಂಡು ನರ್ಸಮ್ಮನ ಹತ್ತಿರ ಹೋದಳು.

“ಇನ್ನರ್ಧ ಮಾತ್ರೆ ಬೇಕಿತ್ತಮ್ಮ, ನಮ್ಮವರಿಗೆ.”

“ಯಾಕೆ, ಉಗಿದುಬಿಟ್ರಾ?”

“ಇಲ್ಲಮ್ಮ,” ಎಂದಳು ಹಲ್ಲಕ್ಕ. “ನಾನು ನುಂಗಿಬಿಟ್ಟೆ.”